ಎದುರುದಾರರಿಗೊಂದು ಪ್ರತಿ

ಕಳೆದ ವಾರ ಬುಕ್ಕಸಾಗರಕ್ಕೆ ಗೃಹಪ್ರವೇಶಕ್ಕೆಂದು ಹೋಗಿದ್ದೆ. ಊಟ ಮುಗಿಸಿ ಹೊರಗೆ ಬಂದರೆ ಗಾಳಿಯಲ್ಲಿ ಒಂದು ವಾಸನೆ. ನೆಂದ ಸುಣ್ಣ, ಬೆಲ್ಲದ ನೀರು, ಅದರ ಹಿಂದೆ ಅಳಲೆಕಾಯಿಯ ಒಗರು. ಪಕ್ಕದ ಓಣಿಯಲ್ಲಿ ಯಾರೋ ಹಳೆಯ ಮನೆಯ ಗೋಡೆಗೆ ಗಾರೆ ಅರೆಸುತ್ತಿದ್ದರು. ಸಿಮೆಂಟಿನ ಚೀಲ ತಂದು ಸುರಿದರೆ ಮುಗಿಯಿತು ಎನ್ನುವ ಈ ಕಾಲದಲ್ಲಿ ಆ ವಾಸನೆ ಅಪರೂಪ. ಸೀರೆಯ ನೆರಿಗೆ ಎತ್ತಿಕೊಂಡು ಅಲ್ಲೇ ನಿಂತುಬಿಟ್ಟೆ. ಜೊತೆಗಿದ್ದ ನಾದಿನಿ, "ಏನಾತ್ರಿ ಅತ್ತಿಗಿ, ಬಿಸಲಿಗೆ ತಲಿ ತಿರುಗಿತೇನು?" ಎಂದಳು. ತಲೆ ತಿರುಗಿರಲಿಲ್ಲ. ಬರ್ಮಾದಲ್ಲಿ ಸೈನ್ಯ ರಾಜ್ಯವನ್ನು ಕಿತ್ತುಕೊಂಡ ವರ್ಷ ನೆನಪಾಗಿತ್ತು, ಆ ವರ್ಷ ನಾನು ಮಾಡಿದ ಒಂದು ತಪ್ಪು ನೆನಪಾಗಿತ್ತು.

ನಾನು ಅರ್ಜಿ ಬರೆಯುವವಳು. ಹೊಸಪೇಟೆಯಲ್ಲಿ ಸರ್ಕಾರಿ ಕಚೇರಿಯೊಂದರ ಎದುರು ನನ್ನ ಜೆರಾಕ್ಸ್ ಅಂಗಡಿ. ಟೈಪ್‌ರೈಟರ್ ಕಾಲದಿಂದ ಅಲ್ಲೇ ಕೂತಿದ್ದೇನೆ. ಮಿಷನ್ನು ಬದಲಾಗಿದೆ, ಕುರ್ಚಿ ಬದಲಾಗಿಲ್ಲ. ನನಗೆ ಟೈಪಿಂಗ್ ಕಲಿಸಿದ ಗುರುಗಳು ಅರ್ಜಿಗೆ ಕೈಕಾಲು ಇರಬೇಕು ಎನ್ನುತ್ತಿದ್ದರು. ಯಾರಿಗೆ, ಯಾರಿಂದ, ವಿಷಯ. ಆಮೇಲೆ ಹೆಸರು, ವಯಸ್ಸು, ಉದ್ಯೋಗ, ಕಾಯಂ ವಾಸ, ಹಾಲಿ ವಾಸ. ಇದರಲ್ಲಿ ಒಂದು ಬಿಟ್ಟರೂ ಗುಮಾಸ್ತ ಕಾಗದವನ್ನು ಮುಖದ ಮೇಲೆ ಎಸೆಯುತ್ತಾನೆ. ಕೊನೆಗೆ, ಯಾರ ಮೇಲೆ ದೂರುತ್ತೇವೋ ಆ ಎದುರುದಾರರಿಗೆ ಒಂದು ಪ್ರತಿ. "ಬೆನ್ನ ಹಿಂದ ಹೇಳಿದ್ರ ಅದು ಚಾಡಿ, ಪ್ರತಿ ಕೊಟ್ಟು ಹೇಳಿದ್ರ ಅದು ಅರ್ಜಿ" ಎಂಬುದು ಗುರುಗಳ ಮಾತು. ಈ ಮಾತನ್ನು ನಾನು ಇಪ್ಪತ್ತೆಂಟು ವರ್ಷ ವ್ರತದ ಹಾಗೆ ನಡೆಸಿಕೊಂಡು ಬಂದಿದ್ದೆ.

ಆ ವರ್ಷದ ಫೆಬ್ರವರಿಯಲ್ಲಿ ನನಗೆ ಸ್ವಲ್ಪ ಜಂಬವೂ ಹೆಚ್ಚಾಗಿತ್ತು. ಬಳ್ಳಾರಿಯಿಂದ ಬೇರೆಯಾಗಿ ನಮ್ಮದೇ ಒಂದು ಜಿಲ್ಲೆ ಬೇಕೆಂದು ಎಷ್ಟೋ ವರ್ಷ ಜನ ಮನವಿ ಕೊಟ್ಟಿದ್ದರಲ್ಲ, ಅದರಲ್ಲಿ ಒಂದು ರಾಶಿ ನನ್ನ ಅಂಗಡಿಯಲ್ಲೇ ಟೈಪಾದದ್ದು. ಜಿಲ್ಲೆ ಆಗಿಯೇಬಿಟ್ಟಿತು. ಊರಲ್ಲಿ ಪಟಾಕಿ, ಬೀದಿಯಲ್ಲಿ ಪೇಡಾ ಹಂಚಿದರು. ನಾನು ಮಾಸ್ಕ್ ಕೆಳಗೆ ಎಳೆದುಕೊಂಡು ಎರಡು ಪೇಡಾ ತಿಂದು, ಇದು ನನ್ನ ಕೈಗುಣ ಎಂದು ಪಕ್ಕದ ಅಂಗಡಿಯವನಿಗೆ ಹೇಳಿದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ಅದೇ ವಾರ ನಂದಾ ಬಂದಳು. ಮೂವತ್ತರ ಆಸುಪಾಸಿನ ಬರ್ಮಾದ ಹುಡುಗಿ. ಅವಳ ಊರಿನಲ್ಲಿ ಇಟ್ಟಿಗೆಯ ಹಳೆಯ ಗುಡಿಗಳು ಸಾವಿರಗಟ್ಟಲೆ ಇವೆಯಂತೆ, ಭೂಕಂಪದಲ್ಲಿ ಎಷ್ಟೋ ಬಿರುಕು ಬಿಟ್ಟಿದ್ದವಂತೆ. ಅವನ್ನು ಸರಿಪಡಿಸಲು ಸುಣ್ಣದ ಗಾರೆಯ ಕೆಲಸ ಕಲಿಯಬೇಕೆಂದು ಹಂಪಿಗೆ ಬಂದವಳು ಕೊರೊನಾದಲ್ಲಿ ಸಿಕ್ಕಿಬಿದ್ದು ಬುಕ್ಕಸಾಗರದ ಯಂಕಪ್ಪ ಮೇಸ್ತ್ರಿಯ ಕೈಕೆಳಗೆ ಉಳಿದುಕೊಂಡಿದ್ದಳು. ಕಲಿತ ಕನ್ನಡವೆಲ್ಲ ಗಾರೆ ಕೆಲಸದ ಕನ್ನಡ. "ತಾ", "ಹಾಕು", "ಇನ್ನಾ ಸ್ವಲ್ಪ ನೀರು". ಉಳಿದದ್ದು ಇಂಗ್ಲಿಷು. ಮೂರು ತಿಂಗಳಿಗೊಮ್ಮೆ ವೀಸಾ ಮುಂದುವರಿಸುವ ಅರ್ಜಿಗೆ ನನ್ನ ಅಂಗಡಿಗೆ ಬರುತ್ತಿದ್ದಳು. ಬಂದಾಗಲೆಲ್ಲ ಉಗುರಿನ ಸಂದಿಯಲ್ಲಿ ಸುಣ್ಣ ಇರುತ್ತಿತ್ತು. ಆ ದಿನ ಮಾತ್ರ ಕೈ ತೊಳೆದುಕೊಂಡು ಬಂದಿದ್ದಳು. ಹಿಂದೆ ಯಂಕಪ್ಪ ಮೇಸ್ತ್ರಿ ನಿಂತಿದ್ದ.

ಅವಳ ದೇಶದಲ್ಲಿ ಚುನಾವಣೆ ನಡೆದಿತ್ತು. ಸೈನ್ಯದ ಬೆಂಬಲವಿದ್ದ ಪಕ್ಷ ಸೋತಿತ್ತು. ಮೋಸವಾಗಿದೆ ಎಂದು ಹೇಳಿ ಸೈನ್ಯ ಒಂದು ಬೆಳಗಿನ ಜಾವ ಗೆದ್ದವರನ್ನು ಹಿಡಿದು ಕೂಡಿಹಾಕಿತ್ತು. ಜನ ಬೀದಿಗಿಳಿದಿದ್ದರು. ಅವಳ ಅಕ್ಕ ಶಾಲಾ ಶಿಕ್ಷಕಿ; ಸೈನ್ಯದ ಸರ್ಕಾರಕ್ಕೆ ನಾನು ಪಾಠ ಮಾಡುವುದಿಲ್ಲ ಎಂದು ಶಾಲೆ ಬಿಟ್ಟು ಹೊರಬಂದವಳು. ಮನೆಗೆ ಸೈನಿಕರು ಹುಡುಕಿಕೊಂಡು ಬಂದ ಮೇಲೆ ತಲೆಮರೆಸಿಕೊಂಡಿದ್ದಳು. ಇವೆಲ್ಲವನ್ನೂ ನಂದಾ ಒಂದೇ ಉಸಿರಿಗೆ ಹೇಳಿ, ಹೊರದೇಶದ ಸರ್ಕಾರಗಳಿಗೆ ಕಾಗದ ಬರೆಯಬೇಕು, ನಮ್ಮ ಸೈನ್ಯವನ್ನು ಸರ್ಕಾರ ಎಂದು ಒಪ್ಪಬೇಡಿ ಎಂದು ಕೇಳಬೇಕು ಎಂದಳು. ಇಂಟರ್ನೆಟ್ಟಿನಲ್ಲಿ ಎಷ್ಟೋ ಕಡೆ ಸಹಿ ಮಾಡಿದ್ದಳಂತೆ, ಏನೂ ಉತ್ತರವಿಲ್ಲವಂತೆ.

"ಇ-ಮೇಲ್ ಮುಟ್ಟಿದ್ದಕ್ಕ ಸಾಕ್ಷಿ ಏನೈತಿ? ರಿಜಿಸ್ಟರ್ ಪೋಸ್ಟ್ ಮಾಡೋಣು. ಸೈನ್ ಮಾಡಿ ತಗೋಬೇಕು ಅವರು" ಎಂದೆ ನಾನು. ವಿದೇಶಿಯಾಗಿ ಅವಳು ಸಹಿ ಹಾಕಿದರೆ ವೀಸಾಕ್ಕೆ ಕುತ್ತು ಬಂದೀತು, ಆದ್ದರಿಂದ ಸಹಿ ನಮ್ಮವರದೇ ಇರಲಿ ಎಂದೂ ಹೇಳಿದೆ.

ಯಂಕಪ್ಪ ಅಲ್ಲಿಯವರೆಗೆ ಬೀಡಿ ಕಚ್ಚಿಕೊಂಡು ಕೇಳುತ್ತಾ ನಿಂತಿದ್ದ. ಎರಡು ತಿಂಗಳ ಹಿಂದಷ್ಟೇ ಅವನು ಗ್ರಾಮ ಪಂಚಾಯ್ತಿಗೆ ನಿಂತು ಬಸವರಾಜ ಎಂಬವನ ಎದುರು ಹನ್ನೊಂದು ವೋಟಿನಿಂದ ಸೋತಿದ್ದ. ಮರುಎಣಿಕೆ ಕೇಳಿದ್ದ, ಆ ಅರ್ಜಿಯನ್ನೂ ನಾನೇ ಬರೆದಿದ್ದೆ. ಮರುಎಣಿಕೆಯಲ್ಲಿ ಹನ್ನೊಂದು ಹೋಗಿ ಹದಿಮೂರಾಗಿತ್ತು. "ಅಲ್ರೀ ಅಕ್ಕಾರ, ಸೋತೋರು ಗೆದ್ದೋರನ್ನ ಒಳಗ ಹಾಕ್ಯಾರಂದ್ರ ಏನ್ರಿ ಇದು?" ಎಂದು ಕೇಳಿದ. "ಹಂಗಾರ ನಾನೂ ಬಸವರಾಜನ್ನ ಕಾಳಿನ ಹಗೇವಿನಾಗ ಇಳಿಸಿ ಮ್ಯಾಲ ಚಪ್ಪಡಿ ಎಳೀಬೇಕಿತ್ತು. ನಾ ಎಣಿಕಿ ಮಾಡಿಸಿದೆ, ಮತ್ತ ಸೋತೆ. ಮನಿಗಿ ಹೋಗಿ ಉಂಡು ಮಲಗಿದೆ. ಅಷ್ಟ ಅಲ್ಲೇನ್ರಿ ಮಾಡೋದು?"

ಅದೇ ನಮ್ಮ ಅರ್ಜಿಯಾಯಿತು. ನನ್ನ ಕಚೇರಿ ಇಂಗ್ಲಿಷಿನಲ್ಲಿ ಮೊದಲ ಸಾಲನ್ನೇ ಹೀಗೆ ಇಟ್ಟೆ: ನಮ್ಮಲ್ಲಿ ಒಬ್ಬ ಇತ್ತೀಚೆಗೆ ಚುನಾವಣೆಯಲ್ಲಿ ಸೋತವನಿದ್ದಾನೆ, ಅವನನ್ನು ಸೋಲಿಸಿದವನೂ ಕೆಳಗೆ ಸಹಿ ಮಾಡಿದ್ದಾನೆ. ಆಮೇಲೆ ಬೇಡಿಕೆಗಳು. ಸೈನ್ಯವನ್ನು ಸರ್ಕಾರವೆಂದು ಒಪ್ಪಬಾರದು, ಅದಕ್ಕೆ ಮದ್ದುಗುಂಡು ಮಾರಬಾರದು, ಹಿಡಿದಿಟ್ಟವರನ್ನು ಬಿಡಿಸಬೇಕು, ಓಡಿಬಂದವರಿಗೆ ಬಾಗಿಲು ತೆರೆಯಬೇಕು. ಯಂಕಪ್ಪ ಕಾಗದ ಹಿಡಿದುಕೊಂಡು ಊರೆಲ್ಲ ತಿರುಗಿದ. ಮೊದಲ ಸಹಿ ಬಸವರಾಜನದು, ಎರಡನೆಯದು ತನ್ನದು, ಆಮೇಲೆ ಮಲಪನಗುಡಿಯವರು, ಕಂಪ್ಲಿಯ ಅವನ ಬೀಗರು, ನಮ್ಮ ಚಿತ್ತವಾಡ್ಗಿಯ ನಾಲ್ಕು ಆಟೋದವರು. ಕೆಲವರದು ಹೆಬ್ಬೆಟ್ಟು. ನಲವತ್ತೆರಡು ಜನರಲ್ಲಿ ಬರ್ಮಾ ಎಲ್ಲಿದೆ ಎಂದು ಗೊತ್ತಿದ್ದವರು ಐದಾರು ಮಂದಿ ಇರಬಹುದು. ಸೋಲು ಗೆಲುವು ಏನೆಂದು ಎಲ್ಲರಿಗೂ ಗೊತ್ತಿತ್ತು.

ಇಷ್ಟು ಚೆನ್ನಾಗಿ ನಡೆದ ಕೆಲಸವನ್ನು ನಾನು ಹೇಗೆ ಕೆಡಿಸಿದೆ ಎಂಬುದನ್ನು ಈಗ ಹೇಳಬೇಕು.

ನಡುವೆ ಒಂದು ಮಧ್ಯಾಹ್ನ ನಂದಾ ಅಂಗಡಿಗೆ ಬಂದು ಅಳುತ್ತಾ ಕೂತಿದ್ದಳು. ಅಕ್ಕನ ಸುದ್ದಿ ಬಂದಿತ್ತು. ಅವಳ ಹತ್ತಿರ ಫೋನಿಲ್ಲ, ಅಲ್ಲಿ ಇಂಟರ್ನೆಟ್ಟು ಕಡಿದುಹಾಕಿದ್ದಾರೆ. ತರಕಾರಿ ಮಾರುವ ಒಬ್ಬಾತ ಹದಿನೈದು ದಿನಕ್ಕೊಮ್ಮೆ ಪೇಟೆಗೆ ಬಂದಾಗ ನಂದಾಳಿಗೆ ಫೋನ್ ಮಾಡಿ ಮೂರು ಮಾತು ತಿಳಿಸುತ್ತಾನೆ. ಅಕ್ಕ ಇಂಥ ಹಳ್ಳಿಯಲ್ಲಿ, ಇಂಥ ವಿಹಾರದ ಹಿಂದಿನ ಮನೆಯಲ್ಲಿ ಅಡಗಿದ್ದಾಳೆ ಎಂದು ನನಗೆ ಹೇಳಿದಳು. ಯಾರಿಗಾದರೂ ಹೇಳದಿದ್ದರೆ ಅವಳ ಎದೆ ಒಡೆಯುತ್ತಿತ್ತು, ಅದಕ್ಕೆ ಹೇಳಿದಳು. ಅರ್ಜಿಯಲ್ಲಿ ಒಬ್ಬ ಶಿಕ್ಷಕಿಯ ಕಥೆ ಎಂದು ಎರಡು ಸಾಲು ಸೇರಿಸಲು ಒಪ್ಪಿಕೊಂಡಳು, ಹೆಸರಿಲ್ಲದೆ.

ಕೊನೆಯ ಪ್ರತಿಗಳನ್ನು ತೆಗೆಯುವಾಗ ಶನಿವಾರ ಮಧ್ಯಾಹ್ನ, ಅಂಗಡಿಯಲ್ಲಿ ನಾನೊಬ್ಬಳೇ. ಶಿಕ್ಷಕಿಯ ಸಾಲಿಗೆ ಬಂದಾಗ ಕಣ್ಣಿಗೆ ಏನೋ ಕೊರತೆ ಕಂಡಿತು. ಹೆಸರಿಲ್ಲ, ವಯಸ್ಸಿಲ್ಲ, ವಾಸವಿಲ್ಲ. ಇಂಥ ಕಾಗದ ಯಾವ ಕಚೇರಿಯಲ್ಲಿ ನಿಲ್ಲುತ್ತದೆ? ನಾನು ಯೋಚಿಸಲೇ ಇಲ್ಲ, ಬೆರಳುಗಳು ಯೋಚಿಸಿದವು. ಹೆಸರು, ವಯಸ್ಸು, ಉದ್ಯೋಗ, ಕಾಯಂ ವಾಸ, ಹಾಲಿ ವಾಸ ಎಲ್ಲವನ್ನೂ ತುಂಬಿದೆ. ಎಂಟು ದೇಶಗಳ ದಿಲ್ಲಿಯ ರಾಯಭಾರ ಕಚೇರಿಗಳಿಗೆ ಎಂಟು ಲಕೋಟೆ. ಆಮೇಲೆ ಎದುರುದಾರರಿಗೊಂದು ಪ್ರತಿ. ಎಂಟರ ವಿಳಾಸವನ್ನು ನೋಡಿ ಬರೆದಿದ್ದೆ; ಒಂಬತ್ತನೆಯದಕ್ಕೆ ತಿಳಿದ ಹಾಗೆ "ಬರ್ಮಾ ಮಿಲಿಟರಿ ಸರ್ಕಾರದ ಪ್ರತಿನಿಧಿಗಳು, ನವದೆಹಲಿ" ಎಂದು ಬರೆದು, ಅರಗು ಒತ್ತಿ, ಅಂಚೆ ಕಚೇರಿಗೆ ಕೊಟ್ಟು ಬಂದೆ. ಮನೆಗೆ ಹೋಗುವಾಗ ಹಿತವಾದ ಗಾಳಿ ಇತ್ತು. ದಾರಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡೆ.

ಸೋಮವಾರ ಬೆಳಿಗ್ಗೆ ನಂದಾ ಬಂದಾಗ ನಾನೇ ಹೆಮ್ಮೆಯಿಂದ ಆಫೀಸ್ ಕಾಪಿ ತೋರಿಸಿದೆ. ಓದುತ್ತಾ ಓದುತ್ತಾ ಅವಳ ಬೆರಳು ಒಂದು ಕಡೆ ನಿಂತಿತು.

"ಅಕ್ಕಾ, ಈ ಊರು ಯಾಕೆ ಹಾಕಿದ್ರಿ?"

"ಹಾಲಿ ವಾಸ ಇಲ್ಲದಿದ್ರ ವಾಪಸ್ ಕಳಿಸ್ತಾರವ್ವಾ."

ಅವಳು ರಸೀದಿಗಳನ್ನು ಒಂದೊಂದಾಗಿ ನೋಡಿದಳು. ಒಂಬತ್ತನೆಯದನ್ನು ಕೈಯಲ್ಲಿ ಹಿಡಿದುಕೊಂಡು ಇದು ಯಾರಿಗೆ ಎಂದಳು. ಹೇಳಿದೆ. ಎದುರುದಾರರಿಗೆ ಪ್ರತಿ ಕೊಡುವುದು ನಮ್ಮ ಪದ್ಧತಿ ಎಂದೂ ಹೇಳಿದೆ. ಹೇಳುತ್ತಿರುವಾಗಲೇ ಏನು ಮಾಡಿದೆನೆಂದು ನನಗೂ ಹೊಳೆಯತೊಡಗಿತ್ತು. ಅವಳು ಕೂಗಾಡಲಿಲ್ಲ. ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು, ನನ್ನ ಅಕ್ಕನ ಮನೆಗೆ ದಾರಿ ಬರೆದು ಅವರ ಕೈಗೇ ಕೊಟ್ಟಿರಿ ಎಂದು. ಅಕ್ಕನಿಗೆ ಜಾಗ ಬಿಡು ಎಂದು ತಿಳಿಸುವ ದಾರಿಯೂ ಇರಲಿಲ್ಲ. ತರಕಾರಿಯವನು ಬರಲು ಇನ್ನೂ ಹನ್ನೆರಡು ದಿನವಿತ್ತು.

ಅಂಗಡಿ ಬಾಗಿಲು ಹಾಕದೆ ಅಂಚೆ ಕಚೇರಿಗೆ ಓಡಿದೆವು. ಪೋಸ್ಟ್ ಮಾಸ್ಟರ್ ನನ್ನ ವಯಸ್ಸಿನ ಹೆಂಗಸು, ನನ್ನ ಗುರುತಿನವರೇ. "ಬ್ಯಾಗು ಶನಿವಾರನ ಹೋಗ್ಯಾವ್ರಿ ಅಕ್ಕಾರ" ಎಂದರು. ನನ್ನ ಮುಖ ನೋಡಿ, "ಕುಂದ್ರಿ, ಕುಂದ್ರಿ. ಕಳಿಸಿದೋರು ವಾಪಸ್ ತರಸ್ಕೊಳ್ಳಾಕ ದಾರಿ ಐತಿ. ಒಂದು ಅರ್ಜಿ ಬರ್ದು ಕೊಡ್ರಿ, ದಿಲ್ಲಿಗೆ ತಿಳಸ್ತೀನಿ. ಮುಟ್ಟಿಸೋಕಿಂತ ಮೊದ್ಲು ಸಿಕ್ರ ಸಿಕ್ತು" ಎಂದರು.

ಕಾಗದ ಕೊಟ್ಟರು. ಬದುಕಿಡೀ ಅರ್ಜಿ ಬರೆದವಳಿಗೆ ಏನು ಬರೆಯಬೇಕೋ ತೋಚಲಿಲ್ಲ. ಸದರಿ, ಪ್ರಯುಕ್ತ, ಮೇಲ್ಕಾಣಿಸಿದ, ಯಾವ ಮಾತೂ ಬರಲಿಲ್ಲ. ಕೊನೆಗೆ, "ಅಮ್ಮಾ, ತಪ್ಪು ಮಾಡಿದ್ದೇನೆ. ಒಂಬತ್ತು ಲಕೋಟೆ ವಾಪಸ್ ಬೇಕು. ಒಬ್ಬರ ಜೀವದ ಮಾತು" ಎಂದು ಬರೆದು ಸಹಿ ಹಾಕಿದೆ. ಅವರು ಓದಿ, ರಸೀದಿಗಳನ್ನು ಜೋಡಿಸಿಕೊಂಡು, ಬೇರೆ ಮಾತಿಲ್ಲದೆ ಫೋನ್ ಎತ್ತಿಕೊಂಡರು.

ಆಮೇಲಿನ ದಿನಗಳಲ್ಲಿ ಅಂಗಡಿಯಲ್ಲಿ ಕೂರಲಾಗಲಿಲ್ಲ. ಕಂಪ್ಲಿ ಬಸ್ಸು ಹತ್ತಿ ದಿನವೂ ಬುಕ್ಕಸಾಗರಕ್ಕೆ ಹೋಗುತ್ತಿದ್ದೆ. ಯಂಕಪ್ಪ ಅಲ್ಲಿ ಒಂದು ಹಳೆಯ ಮನೆಯ ಕೆಲಸ ಹಿಡಿದಿದ್ದ. ನಂದಾ ನನ್ನೊಡನೆ ಮಾತಾಡುತ್ತಿರಲಿಲ್ಲ. ಎರಡನೆಯ ದಿನ ನನ್ನ ಕೈಗೆ ಒಂದು ಉದ್ದನೆಯ ಕೋಲು ಕೊಟ್ಟು ಸುಣ್ಣದ ಗುಂಡಿ ತೋರಿಸಿದಳು. ನಾನು ಸೆರಗು ಸಿಕ್ಕಿಸಿಕೊಂಡು ಕಲಸಿದೆ. ಸುಣ್ಣ ಕೈಗೆ ಹಾರಿ ಚುರುಚುರು ಎಂದರೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಗದ್ದೆಗಳಲ್ಲಿ ಬೇಸಿಗೆ ಭತ್ತ ಮೊಳಕಾಲೆತ್ತರ ನಿಂತಿತ್ತು, ಕಾಲುವೆಯಲ್ಲಿ ನೀರಿತ್ತು, ಬಿಸಿಲು ದಿನದಿಂದ ದಿನಕ್ಕೆ ಏರುತ್ತಿತ್ತು. ಅಷ್ಟು ಹಸಿರನ್ನು ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಯಂಕಪ್ಪ ಮಾತ್ರ ಇಬ್ಬರೊಡನೆಯೂ ಮಾತಾಡುತ್ತಿದ್ದ. "ಏ ನಂದವ್ವಾ, ಅಕ್ಕಾರು ಬೇಕಂತ ಮಾಡಿಲ್ಲ. ಕೈ ರೂಢಿ ಅದು. ನಾನೂ ಹಂಗ, ಸಿಮೆಂಟ್ ಗೋಡಿಗೂ ಬೆಲ್ಲದ ನೀರು ಹೊಡೆಯಾಕ ಹೋಗ್ತೀನಿ" ಎಂದ. ಅವನು ನನ್ನ ಕಡೆ ತಿರುಗಿ, "ನೀವೂ ಅಷ್ಟ. ಅಳಬ್ಯಾಡ್ರಿ, ಕಲಸ್ರಿ. ಅತ್ರ ಗಾರಿ ತೆಳ್ಳಗ ಆಗ್ತೈತಿ" ಎಂದ.

ಒಂಬತ್ತನೆಯ ದಿನ ಅಂಚೆಯವನು ಸುತಳಿ ಸುತ್ತಿದ ಕಟ್ಟೊಂದನ್ನು ಅಂಗಡಿಗೆ ತಂದ. ದಿಲ್ಲಿಯಲ್ಲೇ ತಡೆದು ಹಿಂದಿರುಗಿಸಿದ್ದರು. ಬಿಚ್ಚಿ ನೋಡಿದೆ, ಎಂಟು. ಮತ್ತೆ ನೋಡಿದೆ, ಎಂಟೇ. ಯಾವುದು ಬಂದಿಲ್ಲ ಎಂದು ನೋಡುವ ಅಗತ್ಯವೇ ಇರಲಿಲ್ಲ. ಅಂದು ಬುಕ್ಕಸಾಗರಕ್ಕೆ ಹೋಗಿ ಅವಳಿಗೆ ಹೇಳಬೇಕಾಗಿ ಬಂದದ್ದು ನನ್ನ ಜೀವನದ ಅತಿ ಕಷ್ಟದ ಕೆಲಸ. ಅವಳು ಕೇಳಿ, ಕೈಯಲ್ಲಿದ್ದ ಕರಣೆಯನ್ನು ಕೆಳಗಿಟ್ಟು, ಕಾಲುವೆಯ ಕಡೆ ನಡೆದುಹೋದಳು. ಹಿಂದೆ ಹೋಗುವ ಧೈರ್ಯ ನನಗೆ ಬರಲಿಲ್ಲ.

ಮತ್ತೆರಡು ದಿನ. ಹನ್ನೊಂದನೆಯ ದಿನ ಅದು ಬಂತು. ಮೂರು ಕಚೇರಿಗಳ ಮುದ್ರೆ ಬಿದ್ದು, ಅಂಚು ಮಾಸಿ, ದಿಲ್ಲಿಯಲ್ಲಿ ಬೀದಿ ಬೀದಿ ಅಲೆದು ಬಂದಿತ್ತು. ನನ್ನ ಅರಗು ಹಾಗೆಯೇ ಇತ್ತು. ವಿಳಾಸದ ಮೇಲೆ ಯಾರೋ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಒಂದು ಕಾಗದವೂ ವಿಳಾಸ ಸರಿಯಿಲ್ಲವೆಂದು ವಾಪಸ್ ಬಂದದ್ದಿಲ್ಲ. ಆ ಲಕೋಟೆಯನ್ನು ಎದೆಗೊತ್ತಿಕೊಂಡು ಆಟೋ ಹತ್ತಿದೆ.

ನಂದಾ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು, ಅಂಚನ್ನು ಉಗುರಿನಿಂದ ಮುಟ್ಟಿ ನೋಡಿದಳು, ಅರಗನ್ನು ನೋಡಿದಳು. ತೆರೆದಿರಲಿಲ್ಲ. ಕೆಂಪು ಸಾಲನ್ನು ಎರಡು ಸಲ ಓದಿ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟಳು. ಏನು ಬರೆದಿದ್ದಾರೆ ಎಂದು ಯಂಕಪ್ಪ ಕೇಳಿದ. ಇಂಥ ಸರ್ಕಾರದ ಕಚೇರಿ ಇಲ್ಲಿಲ್ಲ ಎಂದು ಬರೆದಿದ್ದಾರೆ ಎಂದೆ.

"ನೋಡ್ರಿ ಮತ್ತ! ಯಾವ ದೇಶ ಒಪ್ತೈತೋ ಬಿಡ್ತೈತೋ, ಆ ಪೋಸ್ಟಿನಾಂವ ಅಂತೂ ಒಪ್ಪಿಲ್ಲ!"

ನಂದಾ ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು, ನನ್ನ ಸೊಂಟ ತಬ್ಬಿಕೊಂಡು ಅತ್ತಳು. ನಾನೂ ಮರಳಿನ ಮೇಲೆ ಅವಳ ಪಕ್ಕ ಕೂತೆ. ಕಾಗದವನ್ನು ಸುಣ್ಣದ ಗುಂಡಿಗೆ ಹಾಕಿ ಕಲಸಿಬಿಡೋಣ ಎಂದೆ. "ಬ್ಯಾಡ್ರಿ, ಗಾರಿ ಕೆಡ್ತೈತಿ" ಎಂದು ಯಂಕಪ್ಪ ಬಿಡಲಿಲ್ಲ. ಒಂಬತ್ತನ್ನೂ ಚಹಾದಂಗಡಿಯ ಒಲೆಗೆ ಹಾಕಿದೆವು, ನನ್ನ ಆಫೀಸ್ ಕಾಪಿಯನ್ನೂ. ಕಂಪ್ಯೂಟರಿನಲ್ಲಿದ್ದದ್ದನ್ನು ಸಂಜೆ ನಂದಾ ತಾನೇ ಕೂತು ಅಳಿಸಿದಳು.

ಮರುದಿನ ಅವಳೇ ಹೇಳಿದಳು, ಮತ್ತೆ ಬರೆಯೋಣ ಎಂದು. ನಾನು ಬೇಡವೆಂದೆ, ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲ ಎಂದೆ. "ನಾನು ಹೇಳ್ತೀನಿ, ನೀವು ಹೊಡೀರಿ, ಅಷ್ಟ" ಎಂದಳು, ಥೇಟ್ ಯಂಕಪ್ಪನ ಹಾಗೆ. ಒಂದೇ ಪುಟವಾಯಿತು. ಸೋತವನೂ ಗೆದ್ದವನೂ ಉಳಿದರು, ಬೇಡಿಕೆಗಳು ಉಳಿದವು, ಶಿಕ್ಷಕಿ ಬರೀ ಶಿಕ್ಷಕಿಯಾಗಿ ಉಳಿದಳು. ಯಂಕಪ್ಪ ಮತ್ತೊಮ್ಮೆ ತಿರುಗಿ ಎಲ್ಲರ ಸಹಿ ಹಾಕಿಸಿಕೊಂಡು ಬಂದ. ಎಂಟು ಲಕೋಟೆ. ಪ್ರತಿ ಯಾರಿಗೂ ಇಲ್ಲ. ಅಂಚೆಗೆ ಹಾಕುವ ಮೊದಲು ನಂದಾ ಎಂಟನ್ನೂ ಓದಿದಳು, ನಾನು ಓದಿದೆ, ಅಕ್ಷರ ಬಾರದ ಯಂಕಪ್ಪನೂ ಒಂದೊಂದನ್ನು ಕೈಯಲ್ಲಿ ಹಿಡಿದು ತಲೆಯಾಡಿಸಿದ.

ಏಳು ಕಡೆಯಿಂದ ಕಾಗದ ಮುಟ್ಟಿದೆ ಎಂಬ ಸಹಿಯ ಕಾರ್ಡು ಬಂತು, ಅಷ್ಟೇ. ಒಂದು ಕಡೆಯಿಂದ ಮಾತ್ರ ಉತ್ತರ ಬಂತು. ಹೆಂಗಸೊಬ್ಬರ ಸಹಿ. ನಿಮ್ಮ ಕಾಗದವನ್ನು ನಮ್ಮ ರಾಜಧಾನಿಗೆ ಕಳಿಸಿದ್ದೇವೆ, ಚುನಾವಣೆಯಲ್ಲಿ ಸೋತ ಮೇಸ್ತ್ರಿಯವರಿಗೆ ನಮ್ಮ ವಂದನೆ ತಿಳಿಸಿ ಎಂದು ಬರೆದಿದ್ದರು. ಕೆಳಗೆ, ಆ ಶಿಕ್ಷಕಿಯಂಥವರು ಗಡಿ ದಾಟಿದರೆ ಯಾರನ್ನು ಕಾಣಬೇಕು ಎಂಬ ವಿವರ. ಯಂಕಪ್ಪ ಅದನ್ನು ನನ್ನಿಂದ ಮೂರು ಸಲ ಓದಿಸಿ, ಬಸವರಾಜನಿಗೆ ಕೇಳಿಸಲೆಂದು ಪಂಚಾಯ್ತಿ ಕಟ್ಟೆಗೆ ಕರೆದುಕೊಂಡು ಹೋಗಿ ನಾಲ್ಕನೆಯ ಸಲ ಓದಿಸಿದ. ನಂದಾ ಗಡಿಯ ವಿವರವನ್ನು ತರಕಾರಿಯವನಿಗೆ ಬಾಯಿಪಾಠ ಮಾಡಿಸಿದಳು.

ಆಮೇಲೆ ಎರಡನೆಯ ಅಲೆ, ಲಾಕ್‌ಡೌನು, ಮುಚ್ಚಿದ ಅಂಗಡಿ. ತರಕಾರಿಯವನ ಫೋನು ನಿಂತುಹೋಯಿತು. ಜುಲೈನಲ್ಲಿ ಮಳೆ ಹಿಡಿದು ತುಂಗಭದ್ರೆಗೆ ಕೆಂಪು ನೀರು ಬಂದಾಗ ಒಂದು ಮುಂಜಾನೆ ನಂದಾ ನನ್ನ ಮನೆಯ ಬಾಗಿಲು ಬಡಿದಳು. ಬುಕ್ಕಸಾಗರದಿಂದ ಚಿತ್ತವಾಡ್ಗಿಯವರೆಗೆ ಯಾರದೋ ಹಾಲಿನ ಬೈಕಿನಲ್ಲಿ ನೆನೆಯುತ್ತಾ ಬಂದಿದ್ದಳು. ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದಳು. ಆ ಕಡೆ ಒಂದು ಹೆಣ್ಣಿನ ದನಿ, ನನಗೆ ತಿಳಿಯದ ಭಾಷೆಯಲ್ಲಿ, ಒಂದೇ ಸಮನೆ ಏನೋ ಹೇಳುತ್ತಿತ್ತು. ಅಕ್ಕ ಗಡಿಯ ನದಿ ದಾಟಿದ್ದಾಳೆ, ಕಾಗದದಲ್ಲಿ ತಿಳಿಸಿದ್ದ ಕಚೇರಿಯವರು ಸಿಕ್ಕಿದ್ದಾರೆ, ಸೂರು ಕೊಟ್ಟಿದ್ದಾರೆ ಎಂದು ನಂದಾ ಆಮೇಲೆ ಹೇಳಿದಳು. ನಾನು ಉತ್ತರವಾಗಿ ಕನ್ನಡದಲ್ಲೇ "ಉಂಡ್ಯೇನವ್ವಾ?" ಎಂದು ಕೇಳಿದೆ. ಬೇರೆ ಏನು ಕೇಳಬೇಕಿತ್ತೋ ಗೊತ್ತಾಗಲಿಲ್ಲ.

ಅವರ ದೇಶ ಇನ್ನೂ ಸರಿಹೋಗಿಲ್ಲ. ಎಂಟು ಸರ್ಕಾರಗಳು ಏನು ಮಾಡಿದವು, ಏನು ಮಾಡಲಿಲ್ಲ ಎಂಬುದನ್ನು ಪೇಪರಿನಲ್ಲಿ ನೀವೂ ಓದಿದ್ದೀರಿ. ನಂದಾ ಈಗ ಗಡಿಯಾಚೆ ಅಕ್ಕನ ಜೊತೆಗಿದ್ದಾಳೆ. ಅಕ್ಕ ಅಲ್ಲಿ ಓಡಿಬಂದವರ ಮಕ್ಕಳಿಗೆ ಪಾಠ ಹೇಳುತ್ತಾಳೆ, ತಂಗಿ ಶಾಲೆಯ ಗೋಡೆಗೆ ಸುಣ್ಣ ಬಳಿದಿದ್ದಾಳೆ. ವರ್ಷಕ್ಕೊಮ್ಮೆ ಕಾಗದದ ಕರಡು ಕಳಿಸುತ್ತಾಳೆ, ನಾವು ಸಹಿ ಹಾಕಿ ಅಂಚೆಗೆ ಹಾಕುತ್ತೇವೆ. ಅವಳ ಹೆಸರು ನಂದಾ ಅಲ್ಲ. ಅಕ್ಕನ ಹೆಸರು, ವಯಸ್ಸು, ಊರು ಎಲ್ಲವೂ ನನಗೆ ಬಾಯಿಗೆ ಬರುತ್ತವೆ. ಬರೆಯುವುದಿಲ್ಲ. ಬದುಕಿದ್ದಾಳೆ.